ಖಂಡೇಪೂಜೆಯ ದಿನದ ಕೆಂಪು ಚೌಕ

ಸಿಕಂದರಾಬಾದಿನಾಚೆ, ಪಟಾನ್‌ಚೆರುವಿನ ನಮ್ಮ ಔಷಧ ಕಾರ್ಖಾನೆಯಲ್ಲಿ ರಿಯಾಕ್ಟರಿನೊಳಗೆ ಮನುಷ್ಯ ಇಳಿಯಬೇಕಾದರೆ ಮೊದಲು ಸೇಫ್ಟಿ ರೂಮಿನಿಂದ ಪರ್ಮಿಟ್ ಆಗಬೇಕಿತ್ತು. ರಿಯಾಕ್ಟರ್ ಎಂದರೆ ಕೆಳಮಹಡಿಯಿಂದ ಮೇಲ್ಮಹಡಿಗೆ ತೂರಿಕೊಂಡು ನಿಂತ ಉಕ್ಕಿನ ಹಂಡೆ. ಅದರ ನೆತ್ತಿಯಲ್ಲಿ ಒಬ್ಬ ಮನುಷ್ಯ ಭುಜ ಮುದುರಿಕೊಂಡು ಇಳಿಯುವಷ್ಟು ಬಾಯಿ. ಒಂದು ಮಾಲು ತೆಗೆದು ಇನ್ನೊಂದು ಹಾಕುವ ಮೊದಲು ಯಾರಾದರೂ ಹಗ್ಗದ ಏಣಿಯಲ್ಲಿ ಒಳಗಿಳಿದು ಗೋಡೆಗೆ ಅಂಟಿದ್ದನ್ನು ಕೆರೆದು ತೆಗೆಯಬೇಕು. ಅವನು ಮೇಲೆ ಬಂದ ಮೇಲೆ, ಒಳಗೆ ತೇವ ಉಳಿಯದಂತೆ ಸಾರಜನಕ ಬಿಡುತ್ತಾರೆ. ಸಾರಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಒಳಗೆ ಮನುಷ್ಯನಿದ್ದಾಗ ಬಿಟ್ಟರೆ ಅವನಿಗೆ ಕೆಮ್ಮು ಕೂಡ ಬರುವುದಿಲ್ಲ, ನಾಲ್ಕು ಉಸಿರಿಗೆ ಕುಸಿಯುತ್ತಾನೆ. ಆದ್ದರಿಂದ ಆ ವಾಲ್ವುಗಳಿಗೆ ಬೀಗ. ಕೀಲಿಗಳು ನನ್ನ ಕುರ್ಚಿಯ ಹಿಂದಿನ ಮೊಳೆಗಳ ಮೇಲೆ ತೂಗುತ್ತಿದ್ದವು. ಪರ್ಮಿಟ್ ಮುಚ್ಚುವ ತನಕ ಕೀಲಿ ಕೊಡುವಂತಿರಲಿಲ್ಲ.

ನಾನು ಅಲ್ಲಿ ಸೇಫ್ಟಿ ಅಸಿಸ್ಟೆಂಟ್. ಪರ್ಮಿಟ್ ಬರೆಯುವುದು, ಮುಚ್ಚುವುದು, ಕೀಲಿ ಕೊಡುವುದು. ಎಲ್ಲವೂ ದಪ್ಪ ರಿಜಿಸ್ಟರಿನಲ್ಲಿ ನಡೆಯುತ್ತಿತ್ತು. ಆ ವರ್ಷ ಎರಡು ಸುದ್ದಿ ಒಟ್ಟಿಗೆ ಬಂದವು. ಒಂದು, ವಿದೇಶದ ಖರೀದಿದಾರರು ಆಡಿಟ್‌ಗೆ ಬರುತ್ತಾರೆ, ಎಲ್ಲ ಕಂಪ್ಯೂಟರಿನಲ್ಲಿರಬೇಕು. ಎರಡು, ಕದ್ದ ಸಾಫ್ಟ್‌ವೇರ್ ಹಿಡಿಯುವವರು ಊರೆಲ್ಲ ತಿರುಗುತ್ತಿದ್ದಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹೆಡ್ಡಾಫೀಸಿನವರು ಒಂದೇ ವಾರದಲ್ಲಿ ಎಲ್ಲ ಯಂತ್ರಗಳಿಂದ ಹಳೆಯದನ್ನು ಕಿತ್ತು, ಪುಕ್ಕಟೆ ಸಿಗುವ ಓಪನ್ ಸೋರ್ಸ್ ಆಫೀಸ್ ತುಂಬಿಸಿದರು. ಅದರಲ್ಲೇ ಒಂದು ಡೇಟಾಬೇಸ್ ಇತ್ತು. "ನೀ ಕಂಪ್ಯೂಟರ್ ಕಲ್ತಾಕಿ ಅಲ್ಲೇನ ಬೇ, ಪರ್ಮಿಟ್ಟಿಗೆ ಒಂದು ಫಾರಂ ಮಾಡು," ಎಂದರು ನಮ್ಮ ಸೇಫ್ಟಿ ಆಫೀಸರ್. ಅವರು ವಿಜಾಪುರದ ಕಡೆಯವರು, ಡಿಫೆನ್ಸ್ ಕಾರ್ಖಾನೆಯಿಂದ ನಿವೃತ್ತರಾಗಿ ಇಲ್ಲಿ ಸೇರಿದ್ದರು. ಕಂಪ್ಯೂಟರ್ ಕಲ್ತಾಕಿ ಎಂದರೆ, ಟೈಪಿಂಗ್ ಪರೀಕ್ಷೆ ಪಾಸಾಗಿದ್ದೆ, ಅಷ್ಟೇ.

ಮಲ್ಕಾಜ್‌ಗಿರಿಯಿಂದ ಹೊರಡುವ ನಮ್ಮ ಕಂಪನಿ ಬಸ್ಸು ಅಮೀರ್‌ಪೇಟೆ ದಾಟಿಯೇ ಹೋಗಬೇಕು. ಅಲ್ಲಿ ಕಂಬ ಕಂಬಕ್ಕೂ ಕಂಪ್ಯೂಟರ್ ಕೋರ್ಸಿನ ಬೋರ್ಡು. ಒಂದು ಶನಿವಾರ ಇಳಿದು ವಿಚಾರಿಸಿದೆ. ಮೊದಲನೆಯ ಕಡೆ ಕೂತಿದ್ದವನು ನಾನು ಹೇಳಿದ ಸಾಫ್ಟ್‌ವೇರಿನ ಹೆಸರು ಕೇಳಿ ಪಕ್ಕದವನ ಮುಖ ನೋಡಿದ. "ಮೇಡಂ, ಆ ಡೇಟಾಬೇಸಿಗೆ ಮ್ಯಾಕ್ರೋ ಬರೆಯೋದು ಯಾರು ಕಲೀತಾರೆ? ಅಮೆರಿಕದಲ್ಲಿ ಅದಕ್ಕೆ ಓಪನಿಂಗೇ ಇಲ್ಲ," ಎಂದ ತೆಲುಗಿನಲ್ಲಿ. ನನಗೆ ಅಮೆರಿಕ ಬೇಡ, ಪಟಾನ್‌ಚೆರು ಸಾಕು ಎಂದೆ. ಅವನು ನಕ್ಕ. ನನಗೆ ಮೈ ಉರಿಯಿತು.

ಹಾಗಾಗಿ ಒಬ್ಬಳೇ ಕಲಿತೆ. ನೆಟ್ಟಿನಿಂದ ಪುಟಗಳನ್ನು ಪ್ರಿಂಟ್ ತೆಗೆದು ಬಸ್ಸಿನಲ್ಲಿ ಓದುತ್ತಿದ್ದೆ. ಫಾರಂ ಮಾಡುವುದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸುಲಭ: ಪೆಟ್ಟಿಗೆಗಳನ್ನು ಎಳೆದು ಇಡು, ಟೇಬಲ್ಲಿಗೆ ಗಂಟು ಹಾಕು. ಕಷ್ಟವೆಲ್ಲ ಮ್ಯಾಕ್ರೋದಲ್ಲಿ. ಫಾರಂ ಎಂಬ ಗೊಂಬೆಗೆ ಬುದ್ಧಿ ಹೇಳುವ ಸಾಲುಗಳು ಅವು. ಆಮ್ಲಜನಕ ಕಡಿಮೆ ಇದ್ದರೆ ಪರ್ಮಿಟ್ ಕೊಡಬೇಡ, ಇಳಿದವನ ಕೊರಳ ಬಿಲ್ಲೆಯ ನಂಬರು ಹಾಕದೆ ಮುಚ್ಚಬೇಡ, ಹೀಗೆ. ಫಾರಮ್ಮಿನ ಎಡಬದಿಗೆ ಪ್ರತಿ ರಿಯಾಕ್ಟರಿಗೂ ಒಂದು ಚೌಕ ಇಟ್ಟೆ. ಪರ್ಮಿಟ್ ತೆರೆದಿದ್ದರೆ ಚೌಕ ಕೆಂಪು, ಮುಚ್ಚಿದರೆ ಹಸಿರು. ಪ್ರತಿ ಸಾಲಿನ ಮೇಲೆ 'ರೆಮ್' ಎಂದು ಶುರುಮಾಡಿ ಯಾಕೆ ಬರೆದೆ ಎಂಬ ಟಿಪ್ಪಣಿ ಹಾಕಿ ಎಂದು ಆ ಪುಟಗಳಲ್ಲಿ ಉಪದೇಶವಿತ್ತು. ರೆಮ್ ಸಾಲುಗಳನ್ನು ಯಂತ್ರ ಓದದೆ ದಾಟಿಬಿಡುತ್ತದೆ. ಯಂತ್ರವೇ ಓದದ್ದನ್ನು ಬರೆಯಲು ನನಗೇನು ಹುಚ್ಚೇ ಎಂದು ನಾನು ಒಂದೂ ಬರೆಯಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಕರೆಂಟ್ ಹೋದ ದಿನ. ಜನರೇಟರ್ ಏಳುವಷ್ಟರಲ್ಲಿ ಯುಪಿಎಸ್ ಕೈಕೊಟ್ಟು ಯಂತ್ರ ಆರಿತು. ಮತ್ತೆ ಹಚ್ಚಿ ನೋಡಿದರೆ ಬೆಳಗಿನ ಪರ್ಮಿಟ್ಟುಗಳು ಒಂದೂ ಇಲ್ಲ. ಎಲ್ಲ ಚೌಕಗಳೂ ಹಸಿರು. ಆ ಹೊತ್ತಿಗೆ ಮೂರು ರಿಯಾಕ್ಟರುಗಳಲ್ಲಿ ಮನುಷ್ಯರಿದ್ದರು. ಪುಣ್ಯಕ್ಕೆ ರಿಜಿಸ್ಟರನ್ನೂ ಇನ್ನೂ ಬರೆಯುತ್ತಿದ್ದೆ. ಹುಡುಕಿದಾಗ ತಿಳಿಯಿತು: ನಾವು 'ಸೇವ್' ಒತ್ತಿದ ದಾಖಲೆ ಯಂತ್ರದ ನೆನಪಿನಲ್ಲಷ್ಟೇ ಕೂತಿರುತ್ತದೆ, ಇಡೀ ಫೈಲನ್ನು ಉಳಿಸುವ ತನಕ ಡಿಸ್ಕಿಗೆ ಇಳಿಯುವುದೇ ಇಲ್ಲ. ಪ್ರತಿ ದಾಖಲೆಯ ಹಿಂದೆಯೇ ಫೈಲನ್ನು ಉಳಿಸುವ ಸಾಲೊಂದನ್ನು ಮ್ಯಾಕ್ರೋಗೆ ಸೇರಿಸಿದೆ.

ಎರಡನೆಯದು ಇನ್ನೂ ಹೆದರಿಕೆಯದು. ಒಳಗಿಳಿದ ಸಮಯವನ್ನು ಮ್ಯಾಕ್ರೋನೇ ತುಂಬುವಂತೆ ಮಾಡಿದ್ದೆ. ಪರದೆಯ ಮೇಲೆ ಸಮಯ ಕಾಣುತ್ತದೆ, ಟೇಬಲ್ ತೆರೆದು ನೋಡಿದರೆ ಜಾಗ ಖಾಲಿ. ಕಣ್ಣಿಗೆ ಒಂದು, ಒಳಗೆ ಒಂದು. ಪೆಟ್ಟಿಗೆಗೆ ಬರೆದರೆ ಸಾಲದು, 'ಕಮಿಟ್' ಎಂಬ ಆಜ್ಞೆ ಕೊಡಬೇಕು, ಆಗಲೇ ಅದು ಒಳಕ್ಕೆ ಹೋಗುವುದು ಎಂದು ಗೊತ್ತಾಗಲು ಎಷ್ಟೋ ದಿನ ತಲೆ ಚಚ್ಚಿಕೊಂಡೆ. ಅದು ಮುಗಿಯಿತೆನ್ನುವಾಗ ಮೂರನೆಯದು: ಉಳಿಸುವ ಮುಂಚೆ ಕೇಳುವ ಪ್ರಶ್ನೆಯನ್ನು ಫಾರಂ ಎರಡೆರಡು ಸಲ ಕೇಳತೊಡಗಿತು. ಒಂದಕ್ಕೆ ಹೌದೆಂದು, ಇದೇನು ಮತ್ತೆ ಎಂದು ಇನ್ನೊಂದಕ್ಕೆ ಬೇಡವೆಂದರೆ ದಾಖಲೆಯೇ ಮಾಯ. ಒಂದೇ ಘಟನೆಯನ್ನು ಫಾರಂ ಒಮ್ಮೆ, ಫಾರಮ್ಮನ್ನು ನಡೆಸುವ ಕಂಟ್ರೋಲರ್ ಒಮ್ಮೆ, ಇಬ್ಬರೂ ಕೂಗುತ್ತಾರಂತೆ. ಕೂಗಿದವರು ಯಾರೆಂದು ಮೊದಲು ಕೇಳಿ, ಒಬ್ಬರಿಗಷ್ಟೇ ಉತ್ತರ ಕೊಡು ಎಂದು ಬರೆದ ಮೇಲೆ ಸರಿಹೋಯಿತು.

ಈ ಎಲ್ಲ ಅವತಾರಗಳನ್ನು ಹತ್ತಿರದಿಂದ ಕಂಡವನು ಬೀದರ್ ಕಡೆಯ ಒಬ್ಬ ಗುತ್ತಿಗೆ ಕೆಲಸಗಾರ. ರಿಯಾಕ್ಟರಿಗೆ ಇಳಿಯುವುದೇ ಅವನ ಕೆಲಸ. ಪರ್ಮಿಟ್ಟಿಗೆ ಬಂದಾಗಲೆಲ್ಲ ನನ್ನ ಜೊತೆ ಕನ್ನಡ ಆಡಿಯೇ ಹೋಗುತ್ತಿದ್ದ.

"ಅಕ್ಕಾರ, ನಿಮ್ಮ ಡಬ್ಬಿ ಇವತ್ತ ನನ್ನ ಹೆಸರು ನುಂಗಿಲ್ಲಲ್ರಿ?"

"ನುಂಗಿದ್ರ ಹೊಟ್ಟಿ ಸೀಳಿ ತಗೀತೀನಿ, ಹೆದರಬ್ಯಾಡ."

"ಹೊಟ್ಟ್ಯಾಗ ಇಳಿಯಾಂವ ನಾನು, ಸೀಳಾಕಿ ನೀವು. ಛಲೋ ಜೋಡಿ ಆತು ಬಿಡ್ರಿ!" ಎಂದು ತಾನೇ ನಗುತ್ತಿದ್ದ. ಕೆಲಸ ಮುಗಿದ ಮೇಲೆ ಅವನೇ ಬಂದು ಕೊರಳಿನ ಹಿತ್ತಾಳೆ ಬಿಲ್ಲೆ ತೋರಿಸಬೇಕು, ನಾನು ನಂಬರು ಹಾಕಿ ಪರ್ಮಿಟ್ ಮುಚ್ಚಬೇಕು. ಚೌಕ ಹಸಿರಾಗುವುದನ್ನು ನೋಡಿಯೇ ಅವನು ಹೊರಡುತ್ತಿದ್ದ. ನಾನು ಬದುಕಿದೆ ಎಂದು ಪ್ರತಿ ಸಲ ಹೇಳುತ್ತಿದ್ದ. ಅದು ತಮಾಷೆ ಎಂದುಕೊಂಡಿದ್ದೆ.

ಆಡಿಟ್ ಹತ್ತಿರವಾದಂತೆ ಪ್ರೊಡಕ್ಷನ್ ಇನ್‌ಚಾರ್ಜ್ ನನ್ನ ಮೇಜಿಗೆ ಬಂದರು. ಅವರದು ತೆಲುಗು, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಕೆಟ್ಟ ಮನುಷ್ಯರಲ್ಲ, ಆದರೆ ಮೇಲಿನವರ ಫೋನ್ ಬಂದರೆ ಕುರ್ಚಿಯಿಂದ ಎದ್ದು ನಿಂತು ಮಾತಾಡುವವರು.

"ಮೇಡಂ, ಶಿಫ್ಟ್ ಮುಗಿದ ಮೇಲೂ ಕೆಂಪು ಉಳೀತಿದೆ. ಜನ ಬಿಲ್ಲೆ ತೋರಿಸದೆ ಬಸ್ಸು ಹತ್ತಿಬಿಡ್ತಾರೆ. ಆಡಿಟ್‌ನವರು ನೋಡಿದರೆ ನಮ್ಮ ಕಥೆ ಮುಗೀತು. ಶಿಫ್ಟ್ ಮುಗಿದ ತಕ್ಷಣ ಪರ್ಮಿಟ್ ತಾನಾಗಿ ಮುಚ್ಚೋ ಹಾಗೆ ಮಾಡಿ."

ಬರೆದು ನೋಡಿದೆ. ನಾಲ್ಕು ಸಾಲು, ಅಷ್ಟೇ. ಫಾರಂ ತೆರೆದಾಗಲೆಲ್ಲ ಶಿಫ್ಟ್ ದಾಟಿದ ಪರ್ಮಿಟ್ಟುಗಳನ್ನು ಮುಚ್ಚಿಬಿಡು. ಒತ್ತಿದೆ. ಕೆಂಪು ಚೌಕಗಳು ಒಂದರ ಹಿಂದೊಂದು ಹಸಿರಾದವು. ಕರೆಂಟ್ ಹೋದ ದಿನ ಕಂಡದ್ದೂ ಇದೇ ಹಸಿರು. ಆಗ ಯಂತ್ರ ತಾನೇ ಮರೆತಿತ್ತು, ಈಗ ನಾನೇ ಮರೆಯಲು ಕಲಿಸುತ್ತಿದ್ದೆ.

ಮನೆಯಲ್ಲಿ ಅಪ್ಪನಿಗೆ ಹೇಳಿದೆ. ಅಪ್ಪ ರೈಲ್ವೆಯ ಸಿಗ್ನಲ್ ವಿಭಾಗದವರು, ಗದಗದಿಂದ ಸಿಕಂದರಾಬಾದಿಗೆ ವರ್ಗವಾಗಿ ಇಲ್ಲೇ ಉಳಿದವರು. ತಟ್ಟೆಯಿಂದ ತಲೆ ಎತ್ತದೆ ಅಂದರು: "ಸಿಗ್ನಲ್ ಕೆಟ್ರ ಕೆಂಪಿಗೆ ಬೀಳಬೇಕು. ಹಸರಿಗೆ ಬೀಳೂ ಸಿಗ್ನಲ್ ಎಲ್ಲೆರ ಕಂಡೀಯೇನ? ಗಾಡಿ ಲೇಟಾದ್ರ ಬೈಸ್ಕೋಬಹುದು ಬೇ."

ಮರುದಿನ ಆ ನಾಲ್ಕು ಸಾಲುಗಳನ್ನು ಅಳಿಸಿದೆ. ಇನ್‌ಚಾರ್ಜ್ ಕೇಳಿದಾಗ, "ಈ ಸಾಫ್ಟ್‌ವೇರಿನಲ್ಲಿ ಅದು ಆಗೋದಿಲ್ಲ ಸರ್," ಎಂದುಬಿಟ್ಟೆ. ಪುಕ್ಕಟೆ ಸಾಫ್ಟ್‌ವೇರ್ ಅಂದರೆ ಹೀಗೇ ಎಂದು ಗೊಣಗಿಕೊಂಡು ಹೋದರು. ಸುಳ್ಳು ಹೇಳಿದ್ದಕ್ಕೆ ನನಗೆ ಎಳ್ಳಷ್ಟೂ ಬೇಸರವಾಗಲಿಲ್ಲ.

ಖಂಡೇಪೂಜೆ ಬಂತು, ದಸರೆಯ ಆಯುಧಪೂಜೆ. ಅವತ್ತು ಮಧ್ಯಾಹ್ನ ಎರಡಕ್ಕೆ ಬೆಳಗಿನ ಶಿಫ್ಟ್ ಮುಗಿದರೆ ಕೆಲಸ ಬಂದ್, ನಂತರ ಪೂಜೆ, ಆಮೇಲೆ ಎಲ್ಲರೂ ಊರಿಗೆ. ರಜೆಗೆ ಮುಂಚೆ ರಿಯಾಕ್ಟರುಗಳನ್ನೆಲ್ಲ ತೊಳೆದು, ಸಾರಜನಕ ತುಂಬಿಸಿ ಇಡಬೇಕು. ಬೀದರಿನವನು ಬೆಳಿಗ್ಗೆ ಬಂದು ಮೂರನೆಯ ರಿಯಾಕ್ಟರಿಗೆ ಪರ್ಮಿಟ್ ಮಾಡಿಸಿಕೊಂಡ. "ಲಗೂನ ಮುಗಿಸಿ ಸಂಜಿ ಬಸ್ಸಿಗೆ ಹೋಗ್ತೀನ್ರಿ ಅಕ್ಕಾರ. ಮನ್ಯಾಗ ಹೋಳಿಗಿ ಮಾಡ್ಲತ್ತಾರ." ಚೌಕ ಕೆಂಪಾಯಿತು, ಅವನು ಹೋದ.

ಮಧ್ಯಾಹ್ನ ಗೋದಾಮಿನ ಮುಂದೆ ದೇವಿಯ ಫೋಟೋ ಇಟ್ಟು, ಕಾರ್ಖಾನೆಯ ಸಾಮಾನೆಲ್ಲ ತಂದು ಜೋಡಿಸಿದರು. ನಟ್ಟು ಬಿಗಿಯುವ ಪಾನಾಗಳು, ಸುತ್ತಿಗೆಗಳು, ತೂಕದ ಬಟ್ಟುಗಳು. ಅನ್ನ ಕೊಡುವ ಯಾವ ಸಾಮಾನೂ ಕುಂಕುಮವಿಲ್ಲದೆ ಉಳಿಯಬಾರದು. ಮೇನ್ ಪ್ಯಾನೆಲ್ಲನ್ನು ಆರಿಸಿ ಚೆಂಡುಹೂವಿನ ಹಾರ ಹಾಕಿದರು. ಪೂಜಾರಿ ನನ್ನ ರೂಮಿಗೂ ಬಂದು ಮಾನಿಟರಿನ ಹಣೆಗೆ ಅರಿಶಿನ ಕುಂಕುಮ ಹಚ್ಚಿ, ಕೀಬೋರ್ಡಿನ ಮೇಲೆ ಹೂವಿಟ್ಟು, ಇವತ್ತು ಮುಟ್ಟಬೇಡಿ ಎಂದು ಹೇಳಿ ಹೋದ. ಕರೆಂಟಿಲ್ಲದೆ, ಹೊಸ ಬ್ಯಾಟರಿ ಹಾಕಿಸಿದ್ದ ಯುಪಿಎಸ್ ಬಿಟ್ಟುಬಿಟ್ಟು ಕೂಗುತ್ತಿತ್ತು. ಹೊರಗೆ ಡೋಲು, ಬ್ಯಾಟರಿ ಮೈಕಿನಲ್ಲಿ ಹಾಡು. ಪರದೆಯಲ್ಲಿ ಎಲ್ಲ ಹಸಿರು, ಮೂರನೆಯದೊಂದು ಕೆಂಪು.

ಇನ್‌ಚಾರ್ಜ್ ಹಣೆತುಂಬ ಕುಂಕುಮದಲ್ಲಿ ಬಂದರು. "ಮೇಡಂ, ಮೂರನೆಯದರ ಕೀಲಿ ಕೊಡಿ. ಸಾರಜನಕ ಬಿಟ್ಟು ಎಲ್ಲರೂ ಮನೆಗೆ ಹೋಗೋಣ."

"ಕೆಂಪಿದೆ ಸರ್."

"ಎಲ್ಲಿ ಕೆಂಪು? ಶಿಫ್ಟ್ ಮುಗಿದು ಎಷ್ಟು ಹೊತ್ತಾಯ್ತು! ಇಲ್ಲಿ ಬನ್ನಿ, ನೋಡಿ." ಕಿಟಕಿಯಿಂದ ದೇವಿಯ ಕಡೆ ಬೆರಳು ತೋರಿಸಿದರು.

ನೋಡಿದೆ. ಪಾನಾಗಳ ಪಕ್ಕದಲ್ಲಿ ಆಮ್ಲಜನಕ ಅಳೆಯುವ ಗ್ಯಾಸ್ ಮೀಟರು ಇತ್ತು. ರಿಯಾಕ್ಟರಿಗೆ ಇಳಿದವನ ಸೊಂಟಕ್ಕೆ ಕಟ್ಟುವ ಹಗ್ಗ ಸುರುಳಿ ಸುತ್ತಿ ಇಟ್ಟಿತ್ತು. ಅದಕ್ಕೆ ಒರಗಿಸಿ, 'ಒಳಗೆ ಮನುಷ್ಯನಿದ್ದಾನೆ' ಎಂದು ತೆಲುಗು ಹಿಂದಿಯಲ್ಲಿ ಬರೆದ ತಗಡಿನ ಬೋರ್ಡು. ರಿಯಾಕ್ಟರಿನ ಬಾಯಿಗೆ ತೂಗುವ ಬೋರ್ಡು ಅದು. ಮೂರಕ್ಕೂ ಕುಂಕುಮ ಬಿದ್ದಿತ್ತು. ಬಾಯಿಯ ಬಳಿ ಕಾವಲಿಗೆ ನಿಲ್ಲುವ ಕೆಲಸಗಾರ ಪ್ರಸಾದದ ಸಾಲಿನಲ್ಲಿದ್ದ.

"ಬೋರ್ಡು ಇಲ್ಲಿದೆ, ಹಗ್ಗ ಇಲ್ಲಿದೆ, ಕಾವಲಿನವನು ಇಲ್ಲಿದ್ದಾನೆ. ಇನ್ನೇನು ಬೇಕು ಮೇಡಂ? ನಿಮ್ಮ ಫಾರಂ ಮೊದಲೂ ತಪ್ಪಿರಲಿಲ್ವಾ? ಬಿಲ್ಲೆ ನಂಬರು ಪರದೆ ಮೇಲೇ ಇದೆ, ಹಾಕಿ ಮುಚ್ಚಿ."

ನ್ಯಾಯವಾಗಿಯೇ ಇತ್ತು ಮಾತು. ಕಣ್ಣಿಗೆ ಕಾಣುವುದೆಲ್ಲ ಅವರ ಕಡೆ, ನನ್ನ ಕಡೆ ಒಂದು ಚೌಕ. ಅದೂ ಮೂರು ಸಲ ನನ್ನ ಮಾನ ಕಳೆದಿದ್ದ ಫಾರಮ್ಮಿನದು. ಆ ಬೀದರಿನವನು ಬಸ್ಸಿನ ಗಡಿಬಿಡಿಯಲ್ಲಿ ಬಿಲ್ಲೆ ತೋರಿಸದೆ ಹೋಗಿರಬಹುದು. ಕೀಬೋರ್ಡಿನ ಮೇಲಿನ ಹೂವನ್ನು ಪಕ್ಕಕ್ಕಿಟ್ಟೆ. ನಂಬರಿನ ಮೊದಲ ಅಂಕಿಯನ್ನೂ ಒತ್ತಿದೆ, ಸುಳ್ಳೇಕೆ ಹೇಳಲಿ.

ಆಗ ಹೊಳೆಯಿತು. ಕರೆಂಟ್ ಹೋದಾಗ ಈ ಫಾರಂ ಮರೆತಿತ್ತು. ಕಮಿಟ್ ಇಲ್ಲದಾಗ ಮರೆತಿತ್ತು. ಎರಡು ಸಲ ಕೇಳಿ ಮರೆತಿತ್ತು. ಮರೆಯುವುದೇ ಇದರ ರೋಗ. ಇಲ್ಲದ ಮನುಷ್ಯನನ್ನು ಇದು ಒಂದು ದಿನವೂ ಹುಟ್ಟಿಸಿರಲಿಲ್ಲ. ಮತ್ತೆ ಅವನು, ಚೌಕ ಹಸಿರಾಗುವುದನ್ನು ನೋಡದೆ ಒಂದು ದಿನವೂ ಹೋದವನಲ್ಲ.

ಒತ್ತಿದ ಅಂಕಿಯನ್ನು ಅಳಿಸಿದೆ. ಮೊಳೆಯಿಂದ ಮೂರನೆಯದರ ಕೀಲಿ ತೆಗೆದು ಮುಷ್ಟಿಯಲ್ಲಿಟ್ಟುಕೊಂಡೆ. "ಮೇಡಂ!" ಎಂದು ಇನ್‌ಚಾರ್ಜ್ ಕೈ ಚಾಚಿದರು. ನಾನು ಅವರನ್ನು ದಾಟಿ ಓಡಿದೆ. ಪೂಜೆಯ ಜನದ ನಡುವೆ ನುಗ್ಗಿ ಕಾವಲಿನವನ ತೋಳು ಹಿಡಿದೆ. "ಬೀದರಿನವನು ಎಲ್ಲಿ?"

ಅವನ ಕೈಯ ಪ್ರಸಾದದ ಎಲೆ ವಾಲಿತು. "ಒಳಗೇ ಇದ್ದ ಮೇಡಂ... ನಾನು ಕುಂಕುಮ ಹಚ್ಚಿಸಿಕೊಂಡು ಈಗ ಬಂದೆ ಅಂತ... ಇವೆಲ್ಲ ಪೂಜೆಗೆ ಇಡಬೇಕಲ್ಲ... ಅವನೂ ಹಗ್ಗ ಬಿಚ್ಚಿಕೊಟ್ಟು, ಹೋಗಿ ಬಾ ಅಂದ. ಆಮೇಲೆ ಪೂಜಾರಿ ಆರತಿಗೆ ನಿಲ್ಲು ಅಂದ..."

ಸೇಫ್ಟಿ ಆಫೀಸರ್ ಕೇಳಿಸಿಕೊಂಡರು. ಕೈಯ ಬೂದುಗುಂಬಳಕಾಯಿಯನ್ನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದರು. ಆ ವಯಸ್ಸಿನಲ್ಲಿ ಹಾಗೆ ಓಡಿದ್ದನ್ನು ನಾನು ಕಂಡಿರಲಿಲ್ಲ.

ಮೇಲ್ಮಹಡಿಯಲ್ಲಿ ದೀಪವಿರಲಿಲ್ಲ. ಪ್ಯಾನೆಲ್ ಆರಿಸಿದಾಗ ರಿಯಾಕ್ಟರಿನೊಳಗಿನ ದೀಪವೂ, ಗಾಳಿ ತಳ್ಳುವ ಬ್ಲೋವರೂ ನಿಂತಿದ್ದವು. ಬಾಯಿಯ ಬಳಿ ಬೋರ್ಡಿಲ್ಲ, ಕಾವಲಿಲ್ಲ. ನೋಡಿದವರಿಗೆ ಅದು ಖಾಲಿ ಹಂಡೆ. ಆಫೀಸರ್ ಬಗ್ಗಿ ಟಾರ್ಚ್ ಬಿಟ್ಟು ಕೂಗಿದರು. ಅವರ ದನಿಯೇ ತಿರುಗಿ ಬಂತು. ಮತ್ತೆ ಕೂಗಿದರು. ಕೆಳಗೆ ಡೋಲು ಬಡಿಯುತ್ತಲೇ ಇತ್ತು. "ಆ ಡೋಲು ನಿಂದ್ರಸ್ರಲೇ!" ಎಂದು ನಾನು ಕಿರುಚಿದೆ, ಯಾವ ಭಾಷೆಯಲ್ಲಿ ಯಾರಿಗೆ ಎಂಬುದೂ ಇಲ್ಲದೆ. ಡೋಲು ನಿಂತಿತು. ಆಗ ತಳದಿಂದ ಏಣಿ ಅಲುಗಿದ ಸದ್ದು ಬಂತು.

ಅವನು ಏಣಿಯ ಕೊನೆಗೆ ತಲೆ ಆನಿಸಿ ಕೂತಿದ್ದ. ದೀಪ ಹೋದಾಗ ಈಗ ಬರುತ್ತದೆ ಎಂದು ಕಾದನಂತೆ. ಜಾರುವ ತಳದಲ್ಲಿ ಕತ್ತಲಲ್ಲಿ ಏಣಿ ತಡಕಿದನಂತೆ. ಕೂಗಿದನಂತೆ. ಗೋಡೆಗಂಟಿದ್ದ ಮಾಲಿನ ವಾಸನೆಗೆ ತಲೆ ಭಾರವಾಗಿ, ಏಣಿ ಸಿಕ್ಕಾಗ ಹತ್ತಲು ಕಾಲಿಗೆ ಬಲವಿರಲಿಲ್ಲ. ಹಗ್ಗ ಬೇಕಿತ್ತು, ಹಗ್ಗ ದೇವಿಯ ಮುಂದಿತ್ತು. ಕಾವಲಿನವನೇ ಓಡಿಹೋಗಿ ತಂದ, ಗ್ಯಾಸ್ ಮೀಟರನ್ನೂ ತಂದ. ಉಸಿರಾಟದ ಸಿಲಿಂಡರ್ ಕಟ್ಟಿಕೊಂಡು ಒಬ್ಬ ಇಳಿದು ಗಂಟು ಹಾಕಿದ. ಮೇಲಿನಿಂದ ನಾಲ್ವರು ಎಳೆದರು. ಅವನು ಹೊರಗೆ ಬಂದಾಗ ಹಗ್ಗದ ಕುಂಕುಮ ಅಂಗಿಯ ತುಂಬ ಬಳಿದುಕೊಂಡಿತ್ತು. ನಾನು ರಕ್ತವೆಂದುಕೊಂಡೆ.

ಕಿಟಕಿಯ ಬಳಿ ಮಲಗಿಸಿ ಆಮ್ಲಜನಕ ಕೊಟ್ಟರು. ತುಸು ಹೊತ್ತಿಗೆ ಕಣ್ಣು ಬಿಟ್ಟು ನನ್ನನ್ನು ಗುರುತು ಹಿಡಿದ.

"ಬಸ್ ಹೋಯ್ತೇನ್ರಿ ಅಕ್ಕಾರ?"

"ಹೋಗ್ಲಿ ಬಿಡೋ ಮಾರಾಯಾ," ಎಂದೆ. ಅಳು ಬಂದುಬಿಟ್ಟಿತು. ಕೀಲಿ ಇನ್ನೂ ಮುಷ್ಟಿಯಲ್ಲಿತ್ತು, ಅಂಗೈಯಲ್ಲಿ ಅದರ ಹಲ್ಲಿನ ಗುರುತು ಮೂಡಿತ್ತು. ಇನ್‌ಚಾರ್ಜ್ ಮೆಟ್ಟಿಲ ಮೇಲೆ ಕೂತಿದ್ದರು. ಯಾರನ್ನೂ ನೋಡಲಿಲ್ಲ.

ಆಸ್ಪತ್ರೆಯಿಂದ ಬಂದವನು ರಜೆ ಕಳೆದು ಕೆಲಸಕ್ಕೆ ಹಾಜರಾದ. ಬಂದವನೇ ಮೊದಲು ನನ್ನ ರೂಮಿಗೆ ಬಂದು ಬಿಲ್ಲೆ ಮುಂದೆ ಹಿಡಿದ. ಅಲ್ಲಿಯ ತನಕ ಮೂರನೆಯ ಚೌಕವನ್ನು ನಾನು ಮುಚ್ಚಿರಲಿಲ್ಲ. ನಂಬರು ಹಾಕಿದೆ, ಹಸಿರಾಯಿತು. ಬದುಕಿದೆ ಎಂದು ಅವನು ಆ ದಿನ ಹೇಳಲಿಲ್ಲ. ಸುಮ್ಮನೆ ಪರದೆ ನೋಡಿ ಹೋದ.

ಆಡಿಟ್ ಚೆನ್ನಾಗಿಯೇ ನಡೆಯಿತು. ಪೂಜೆಯ ದಿನದ ಮಾತು ಯಾವ ಕಾಗದದಲ್ಲೂ ಬರಲಿಲ್ಲ. ಅದಾದ ಕೆಲವು ದಿನಕ್ಕೆ ಇನ್‌ಚಾರ್ಜ್ ಮತ್ತೆ ಬಾಗಿಲಲ್ಲಿ ನಿಂತರು. ಹಣೆಯ ಕುಂಕುಮ ಹೋಗಿತ್ತು. "ಮೇಡಂ, ಮುಂದಿನ ಆಡಿಟ್‌ಗೆ ಆ ತಾನಾಗಿ ಮುಚ್ಚೋದು ಬೇಕೇ ಬೇಕು. ನಿಮಗೆ ಆಗೋದಿಲ್ಲ ಅಂದರೆ ಪರವಾಗಿಲ್ಲ. ಹೈಟೆಕ್ ಸಿಟಿಯಿಂದ ಸಾಫ್ಟ್‌ವೇರಿನವರನ್ನು ಕರೆಸೋಣ ಅಂತ ಹೆಡ್ಡಾಫೀಸ್ ಹೇಳಿದೆ."

ಅವರು ಹೋದ ಮೇಲೆ ಸೇಫ್ಟಿ ಆಫೀಸರ್ ಕನ್ನಡಕ ತೆಗೆದು ಒರೆಸುತ್ತ ಕೂತರು. "ಅದು ಆಗೂದಿಲ್ಲ ಅಂತ ಹೇಳಿದ್ದಿಯಲ್ಲ, ಖರೇನೇನ ಬೇ?"

"ಆಗೂದಿಲ್ರಿ ಸರ್."

ನನ್ನ ಮುಖ ನೋಡಿದರು. "ಛಲೋ ಆತು," ಎಂದು ಕನ್ನಡಕ ಹಾಕಿಕೊಂಡರು. ಅವರ ನೌಕರಿ ಆ ಮಾರ್ಚಿಗೆ ಮುಗಿಯುವುದಿತ್ತು.

ಬರುವವರು ಬುದ್ಧಿವಂತರೇ ಬರುತ್ತಾರೆ. ಮ್ಯಾಕ್ರೋ ತೆರೆದು ನೋಡಿದರೆ ಊಟಕ್ಕೆ ಮುಂಚೆ ನಾಲ್ಕು ಸಾಲು ಬರೆದು ಮುಗಿಸುತ್ತಾರೆ. ಆ ಸಂಜೆ ಬಸ್ಸಿಗೆ ಮುಂಚೆ ನಾನೇ ಅದನ್ನು ತೆರೆದೆ. ಆ ಸಾಲುಗಳು ಬರಬೇಕಿದ್ದ ಜಾಗಕ್ಕೆ ಹೋಗಿ, ನನ್ನ ಮೊದಲನೆಯ ಟಿಪ್ಪಣಿ ಟೈಪು ಮಾಡಿದೆ:

ರೆಮ್ ಇಲ್ಲಿ ತಾನಾಗಿ ಮುಚ್ಚುವ ಸಾಲು ಬರೆಯಬೇಡಿ. ಖಂಡೇಪೂಜೆಯ ದಿನ ಶಿಫ್ಟ್ ಮುಗಿದ ಮೇಲೆ ಮೂರನೆಯದರಲ್ಲಿ ಮನುಷ್ಯನಿದ್ದ.

ಉಳಿಸಿದೆ. ಮ್ಯಾಕ್ರೋ ಓಡಿಸಿ ನೋಡಿದೆ. ಯಂತ್ರ ಆ ಸಾಲನ್ನು ಓದದೆ ದಾಟಿಹೋಯಿತು.